ಚಾಚಾ ಕತ್ತರಿ ಎತ್ತಿದ್ದು ಹೌದು

ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಅಂವ ಕತ್ತರಿ ಎತ್ತಿದ್ನೋ ಇಲ್ಲೋ, ಅಷ್ಟ ಹೇಳ್ರಿ." ಹೌದು, ಎತ್ತಿದ್ದರು ಎನ್ನುತ್ತೇನೆ. ಅಲ್ಲಿಗೆ ಕೇಳಿದವರಲ್ಲಿ ಅರ್ಧ ಜನ ಎದ್ದು ಹೋಗುತ್ತಾರೆ, ಅವರಿಗೆ ಬೇಕಾದದ್ದು ಸಿಕ್ಕಿರುತ್ತದೆ. ಉಳಿದವರು ಮುಖ ಸಪ್ಪಗೆ ಮಾಡಿ, "ನೀವೂ ಹಂಗ ಅಂತೀರಲ್ರೀ ಟೀಚರ್" ಎಂದು ಎದ್ದು ಹೋಗುತ್ತಾರೆ. ಯಾಕೆ ಎತ್ತಿದರು ಎಂದು ಕೇಳುವಷ್ಟು ಹೊತ್ತು ಯಾರೂ ಕೂತಿಲ್ಲ. ಹೇಳಿ ಹೇಳಿ ನನಗೂ ಸಾಕಾಗಿದೆ. ಆದರೂ ಒಮ್ಮೆ ಮೊದಲಿನಿಂದ ಬರೆದಿಡುತ್ತೇನೆ. ಇಲ್ಲದಿದ್ದರೆ ನನ್ನ ನೆನಪೂ ಕೇಳುವವರ ಕಡೆಗೇ ಒಂದೊಂದು ಹೆಜ್ಜೆ ಸರಿಯುತ್ತ ಹೋಗುತ್ತದೆ. ಈಗಾಗಲೇ ಸ್ವಲ್ಪ ಸರಿದಿದೆ. ಅದನ್ನೂ ಹೇಳುತ್ತೇನೆ.

ನಾನು ಕುಷ್ಟಗಿಯಲ್ಲಿ ಪಿಯು ಮಕ್ಕಳಿಗೆ ಇತಿಹಾಸ ಕಲಿಸುತ್ತೇನೆ. ನನ್ನ ಸೋದರಮಾವನ ದಾಳಿಂಬೆ ತೋಟ ಯಲಬುರ್ಗಾ ಕಡೆಯ ರಸ್ತೆಯಿಂದ ಒಳಕ್ಕೆ ಇದೆ. ರಸ್ತೆಯಿಂದ ತೋಟಕ್ಕೆ ಹೋಗುವ ದಾರಿ ನೆರೆಯ ತೋಟದವರ ಹೊಲದ ಬದುವಿನ ಮೇಲೆ. ಹಣ್ಣಿನ ಗಾಡಿ ಬರುವುದೂ ಅದೇ ದಾರಿಯಲ್ಲೇ. ಈ ದಾರಿಯ ಮಾತು ಆಮೇಲೆ ಬರುತ್ತದೆ.

ರಜೆಯ ದಿನ ನಾನು ತೋಟಕ್ಕೆ ಹೋಗುವುದು ಚಿಕ್ಕಂದಿನಿಂದಲೂ ರೂಢಿ. ಗೇಟಿನ ಹತ್ತಿರ ಬೇವಿನ ಮರ, ಅದರ ಕೆಳಗೆ ಮಾವನ ಹೊರಸು. ಅಲ್ಲಿಂದ ಸಾಲುಗಳು ಶುರುವಾಗುತ್ತವೆ. ಸಾಲುಗಳ ಆ ತುದಿಗೆ ಮೋಟಾರ್ ಖೋಲಿ. ಚಹಾ ಕಾಸುವುದು, ಔಷಧ ಇಡುವುದು, ಮಳೆ ಬಂದರೆ ನಿಲ್ಲುವುದು ಎಲ್ಲಾ ಅದರಲ್ಲೇ.

ದಾಳಿಂಬೆ ಗಿಡಕ್ಕೆ ವರ್ಷಕ್ಕೊಮ್ಮೆ ಟೊಂಗೆ ಸವರಬೇಕು. ಅದಕ್ಕೆ ನಮ್ಮ ಕಡೆ ಚಾಟ್ನಿ ಎನ್ನುತ್ತಾರೆ. ಮಾವನ ತೋಟಕ್ಕೆ ಚಾಟ್ನಿ ಮಾಡಲು ನನಗೆ ತಿಳಿವಳಿಕೆ ಬಂದಾಗಿನಿಂದ ಬರುತ್ತಿದ್ದವರು ಒಬ್ಬರೇ. ಕುಷ್ಟಗಿಯವರು, ಬಿಳಿ ಗಡ್ಡ, ಸಣಕಲು ಮೈ. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ನಾನು ಚಿಕ್ಕವಳಿದ್ದಾಗ ಟೊಂಗೆಯಲ್ಲಿ ಉಳಿದುಹೋದ ಹಣ್ಣನ್ನು ಬಿಡಿಸಿ ನನ್ನ ಅಂಗೈಗೆ ಸುರಿಯುತ್ತಿದ್ದರು. ಇದನ್ನೂ ಮೊದಲೇ ಹೇಳುತ್ತಿದ್ದೇನೆ. ಯಾಕೆಂದರೆ ನಾನು ಅವರ ಪರ ಇದ್ದೇನೆ, ನನ್ನ ಮಾತನ್ನು ಅಳೆಯುವವರು ಅದನ್ನೂ ತಕ್ಕಡಿಗೆ ಹಾಕಲಿ.

ಕೆಲವು ವರ್ಷಗಳಿಂದ ಈ ಸೀಮೆಯ ತೋಟಗಳಿಗೆ ಅಂಗಮಾರಿ ರೋಗ ಹತ್ತಿದೆ. ಎಲೆ, ಕಾಯಿ ಮೇಲೆ ಎಣ್ಣೆ ಬಿದ್ದಂಥ ಕಲೆ, ಆಮೇಲೆ ಕಪ್ಪು, ಆಮೇಲೆ ಕಾಯಿ ಸೀಳುತ್ತದೆ. ಅದು ಗಾಳಿ ಮಳೆಯಲ್ಲೂ ಹರಡುತ್ತದೆ, ಕಾಲಿನ ಕೆಸರಿನಲ್ಲೂ ಬರುತ್ತದೆ, ಕತ್ತರಿಯ ಅಲಗಿನಲ್ಲೂ ಬರುತ್ತದೆ. ಹಾಗಾಗಿ ಈಗ ಯಾರ ತೋಟಕ್ಕೂ ಸುಮ್ಮನೆ ಹೋಗುವಂತಿಲ್ಲ. ಗೇಟಿನಲ್ಲೇ ಬ್ಲೀಚಿಂಗ್ ನೀರಿನ ತೊಟ್ಟಿ, ಅದರಲ್ಲಿ ಕಾಲಿಟ್ಟು ದಾಟಬೇಕು. ಮದುವೆ ಕರೆಯಲು ಬಂದ ಬೀಗರನ್ನೂ ಹೊರಗೇ ನಿಲ್ಲಿಸಿ ಅಕ್ಷತೆ ಇಸಿದುಕೊಂಡವರಿದ್ದಾರೆ. ಚಾಟ್ನಿಯವರು ಒಂದೊಂದು ಗಿಡ ಮುಗಿದ ಮೇಲೂ ಕತ್ತರಿಯನ್ನು ಔಷಧದ ಬಕೆಟ್‌ನಲ್ಲಿ ಅದ್ದಬೇಕು. ಅದ್ದಿದ್ದಾರೋ ಇಲ್ಲವೋ ಎಂದು ಮಾಲೀಕರಿಗೆ ಅನುಮಾನ. ಪ್ರತಿ ಗಿಡಕ್ಕೂ ಎದ್ದು ಹೋಗಿ ನೋಡಲು ಆಗುವುದಿಲ್ಲ, ಅದರಲ್ಲೂ ನಮ್ಮ ಮಾವನಿಗೆ ಮಂಡಿನೋವು. ಹಾಗಾಗಿ ಒಂದು ಪದ್ಧತಿ ಬಂತು. ಅದ್ದಿದ ಮೇಲೆ ಚಾಟ್ನಿಯವರು ಕತ್ತರಿಯನ್ನು ತಲೆಯ ಮೇಲೆ ಎತ್ತಿ ಹೊರಸಿನ ಕಡೆ ತೋರಿಸುವುದು. ನೀರು ತೊಟ್ಟಿಕ್ಕುವುದು ಅಲ್ಲಿಗೆ ಕಾಣುತ್ತದೆ. ಮಾವ ಕೂತಲ್ಲಿಂದಲೇ "ಹ್ಞೂಂ" ಎನ್ನುತ್ತಿದ್ದರು. ಮತ್ತೊಂದು ಗಿಡ. ಮತ್ತೆ ಕತ್ತರಿ ಮೇಲಕ್ಕೆ. ಕುಷ್ಟಗಿ ಸುತ್ತಿನ ಯಾವ ತೋಟಕ್ಕೆ ಹೋದರೂ ಹೀಗೆ ಬಿಸಿಲಲ್ಲಿ ಹೊಳೆದು ಇಳಿಯುವ ಕತ್ತರಿಗಳು ಕಾಣುತ್ತವೆ.

ಹೋದ ವರ್ಷ ಚಾಟ್ನಿಯ ಹೊತ್ತಿಗೆ ಮಾವ ನನಗೆ ಫೋನ್ ಮಾಡಿ ಹೇಳಿದ ಮೊದಲ ಮಾತು, "ಯವ್ವಾ, ರೋಗ ತಾನಾಗಿ ಬರಾಕತ್ತಿಲ್ಲಂತ. ಬೇಕಂತ್ಲೇ ಹಚ್ಚಾಕತ್ಯಾರಂತ."

"ಯಾರು ಹೇಳಿದ್ರು ಮಾಮಾ?"

"ಒಬ್ರಲ್ಲ, ಮೂರ್ ಕಡಿಂದ ಬಂದತಿ ಸುದ್ದಿ. ನಮ್ ಬಾಜೂ ತೋಟದಾಂವ ಹೇಳ್ದ. ಔಷಧಿ ಅಂಗಡ್ಯಾಂವ ಹೇಳ್ದ. ಯಲಬುರ್ಗಾದಾಗ ನಮ್ ಬೀಗ ಫೋನ್ ಮಾಡಿ ಹೇಳ್ದ. ಮೂರ್ ಮಂದಿ ಕೂಡಿ ಸುಳ್ಳ ಹೇಳಾಕ ಅವ್ರಿಗೇನ್ ಕೆಲ್ಸ ಇಲ್ಲೇನು?"

ಆ ಸುದ್ದಿ ಆಗಲೇ ಧ್ವನಿ ಸಂದೇಶವಾಗಿ ಫೋನಿನಿಂದ ಫೋನಿಗೆ ಓಡಾಡುತ್ತಿತ್ತು. ಮಾವ ನನಗೂ ಕಳಿಸಿದರು. ಯಾರೋ ಗಂಡಸು, ಓಡಿ ಬಂದವನಂತೆ ಏದುಸಿರು ಬಿಡುತ್ತ ಮಾತಾಡುತ್ತಿದ್ದ. ರೋಗದ ನೀರನ್ನು ಬಾಟಲಿಯಲ್ಲಿ ಇಟ್ಟುಕೊಂಡು ತೋಟ ತೋಟ ತಿರುಗುವ ಒಬ್ಬನಿದ್ದಾನೆ, ಚಾಟ್ನಿ ನೆವದಲ್ಲಿ ಬರುತ್ತಾನೆ, ದಲಾಲರು ಕಳಿಸಿದ್ದಾರೆ, ಹುಷಾರು. ಸಂದೇಶದಲ್ಲಿ ಊರಿರಲಿಲ್ಲ, ಹೆಸರಿರಲಿಲ್ಲ, ಯಾವ ತೋಟ ಎಂದಿರಲಿಲ್ಲ. ಆದರೆ ಗಡ್ಡ ಇತ್ತು. "ಗಡ್ಡದಾಂವ" ಎಂದು ಎರಡು ಸಲ ಹೇಳಿದ್ದ.

ನಾನು ಗಂಗಾವತಿಯಲ್ಲಿ ಬಿ.ಎ. ಓದುವಾಗ ನಮ್ಮ ಮೇಷ್ಟ್ರು ಕೊಪ್ಪಳದ ಗುಡ್ಡದ ಮೇಲಿನ ಹಳೆಯ ಶಾಸನ ತೋರಿಸಲು ಕರೆದುಕೊಂಡು ಹೋಗಿದ್ದರು. ಬಂಡೆಯ ಮುಂದೆ ನಿಲ್ಲಿಸಿ, "ಬರ್ಸಿದಾಂವ ಯಾರು, ಯಾರ್ ಓದ್ಲಿ ಅಂತ ಬರ್ಸ್ಯಾನ, ಅವಂಗೇನ್ ಬೇಕಾಗಿತ್ತು? ಈ ಮೂರು ಕೇಳದ ಅಕ್ಷರ ನಂಬಬ್ಯಾಡ್ರಿ" ಎಂದಿದ್ದರು. ನಾವು ಪರೀಕ್ಷೆಯಲ್ಲಿ ಬರೆದೆವು, ಅಂಕ ಬಂತು. ನಾನೂ ಈಗ ಮಕ್ಕಳಿಗೆ ಅದನ್ನೇ ಹೇಳುತ್ತೇನೆ. ಬಂಡೆಯ ಮುಂದೆ ಈ ಪ್ರಶ್ನೆ ಕೇಳುವುದು ಸುಲಭ. ಬಂಡೆ ತಿರುಗಿ, "ಹಂಗಾರ ನಮ್ ಬೀಗ ಸುಳ್ಳ ಅಂತಿಯೇನು?" ಎನ್ನುವುದಿಲ್ಲ. ಮಾವ ಅಂದರು. ನಾನು ಫೋನ್ ಇಟ್ಟೆ.

ಆ ಮೂವರನ್ನೂ ನಾನು ಆಮೇಲೆ, ಎಲ್ಲಾ ಮುಗಿದ ಮೇಲೆ, ಒಬ್ಬೊಬ್ಬರನ್ನಾಗಿ ಕೇಳಿದೆ. ಔಷಧಿ ಅಂಗಡಿಯವರು ಹೇಳಿದ್ದು ಹೀಗೆ: "ನಿಮ್ ಬಾಜೂ ತೋಟದಾವ್ರ ಅಂಗಡ್ಯಾಗ ಕುಂತು ಅಂದ್ರಿ, ಯಾರರ ಹಚ್ಚ್ಯಾರೋ ಏನೋ ಅಂತ. ನಾನೂ ಇರಬಹುದ್ರಿ ಅಂದೆ." ಯಲಬುರ್ಗಾದ ಬೀಗರು ಅದೇ ಅಂಗಡಿಗೆ ಔಷಧಿಗೆ ಬಂದಿದ್ದರು. ಅವರಿಗೆ ಅಂಗಡಿಯವರು, ಆ ಕಡೆ ಯಾರೋ ಹಚ್ಚುತ್ತಿದ್ದಾರಂತೆ ಎಂದರು. ಬೀಗರು ಮನೆಗೆ ಹೋಗಿ ಮಾವನಿಗೂ ನೆರೆಯ ತೋಟದವರಿಗೂ ಫೋನ್ ಮಾಡಿ, "ಹುಷಾರಾಗಿರ್ರಿ, ಹಚ್ಚಾಕತ್ಯಾರ" ಎಂದರು. ನೆರೆಯವರಿಗೆ ತಾವೇ ಬಿಟ್ಟ ಅನುಮಾನ ಯಲಬುರ್ಗಾದಿಂದ ಖಾತ್ರಿಯಾಗಿ ವಾಪಸ್ ಬಂತು. ಅವರು ಬೇಲಿ ದಾಟಿ ಬಂದು ಮಾವನಿಗೆ ಹೇಳಿದರು. ಮಾವನ ಮೂರು ಕಡೆ ಅಂದರೆ ಇಷ್ಟೇ, ಒಂದೇ ಮಾತು ಊರೂರು ಸುತ್ತಿ ಬಂದದ್ದು. ಯಾರೂ ಸುಳ್ಳು ಹೇಳಿರಲಿಲ್ಲ. ಒಬ್ಬೊಬ್ಬರೂ ತಾವು ಕೇಳಿದ್ದಕ್ಕೆ ಒಂದು ಚೂರು ಧೈರ್ಯ ಸೇರಿಸಿದ್ದರು.

ಮತ್ತು ಆ ಮಾತು ನಿಜವಾದರೆ ಎಲ್ಲರಿಗೂ ಅನುಕೂಲವಿತ್ತು. ನೆರೆಯವರು ಮಕ್ಕಳು ಬೇಡವೆಂದರೂ ತಮಗೆ ಬೇಕಾದ ಕಡೆಯಿಂದ ಸಸಿ ತಂದಿದ್ದರು. ರೋಗ ಮೊದಲು ಕಂಡದ್ದು ಅವರ ತೋಟದಲ್ಲೇ. ಅಂಗಡಿಯವರು ಕೊಟ್ಟ ಔಷಧಿ ಹಿಡಿದಿರಲಿಲ್ಲ. ನಮ್ಮ ಮಾವನಿಗೆ ಬೇರೆ ಸಿಟ್ಟು: ಚಾಚಾ ಆ ಸಲ ಬರುತ್ತೇನೆಂದ ದಿನ ಬರದೆ ಇನ್ನೊಬ್ಬರ ತೋಟ ಮುಗಿಸಿ ಬಂದಿದ್ದರು. ಚಾಚಾನ ಕತ್ತರಿಯಿಂದ ಎಂದೂ ಯಾವ ತೋಟಕ್ಕೂ ರೋಗ ಹೋಗಿರಲಾರದು ಎಂದು ನಾನು ಹೇಳುವುದಿಲ್ಲ, ನನಗೆ ಗೊತ್ತಿಲ್ಲ. ಗೊತ್ತಾಗದೆ ಹೋಗುವುದು ಬೇರೆ, ಬಾಟಲಿಯಲ್ಲಿ ಹೊತ್ತು ತರುವುದು ಬೇರೆ.

ಆ ದಿನ ಮುಂಜಾನೆ ನಾನು ಹೋದಾಗ ಚಾಚಾ ಆಗಲೇ ಕೆಲಸ ಹಿಡಿದಿದ್ದರು. ಮಾವ ಹೊರಸಿನ ಮೇಲೆ ಬಿಗಿದುಕೊಂಡು ಕೂತಿದ್ದರು. ದಾಳಿಂಬೆಗೆ ಮುಳ್ಳು, ಅದಕ್ಕೇ ನಮ್ಮಲ್ಲಿ ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಾರೆ. ನಾನೂ ಮಾವನ ಹಳೆಯ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ, ಸವರಿದ ಟೊಂಗೆ ಬಳಿದು ಹಾಕುತ್ತಿದ್ದೆ.

"ಏನ್ರೀ ಸಾಹುಕಾರ್ರ, ಇವತ್ತ ಹ್ಞೂಂ ಅನ್ನಾಕೂ ಒಲ್ರಿ," ಎಂದರು ಚಾಚಾ. "ಬೀಡಿ ತೀರ್ಯಾವೇನು?"

"ಹೇಳ್ದ ದಿನ ಬರೋ ಮಂದೀಗಿ ಹ್ಞೂಂ ಅಂತೀನಿ."

"ಅರೇ, ಬಂದೀನಲ್ಲ! ನಿಮ್ ಬೀಗರು ಕರೆದ ಹಬ್ಬಕ್ಕಾರ ಹೇಳ್ದ ದಿನ ಬರ್ತಾರೇನು?" ಎಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. "ಟೀಚರಮ್ಮ, ಒಂದ್ ಚಹಾ ಆಗ್ಲಿ. ನಿಮ್ ಮಾಮಾಗ ಸಕ್ರಿ ಜರಾ ಜಾಸ್ತಿ ಹಾಕ್ರಿ, ಮಾರಿ ಕಹಿ ಆಗೇತಿ."

ನಾನು ಚಹಾ ಕಾಸಲು ಮೋಟಾರ್ ಖೋಲಿಗೆ ಹೋದೆ. ಒಲೆಯ ಮೇಲೆ ನೀರಿಟ್ಟಾಗ ಗೇಟಿನ ಕಡೆ ಮೋಟರ್‌ಸೈಕಲ್‌ಗಳ ಸದ್ದಾಯಿತು. ಬಾಗಿಲಿಗೆ ಬಂದು ನೋಡಿದೆ. ನೆರೆಯ ತೋಟದವರು ಮುಂದೆ, ಹಿಂದೆ ಗುಂಪು. ಕೆಲವರನ್ನು ಬಲ್ಲೆ, ಕೆಲವರನ್ನು ನೋಡಿಯೇ ಇಲ್ಲ. ಒಬ್ಬರೂ ಬ್ಲೀಚಿಂಗ್ ನೀರಿನಲ್ಲಿ ಕಾಲಿಡಲಿಲ್ಲ. ತೊಟ್ಟಿಯನ್ನು ಜಿಗಿದು ಬಂದರು. ಆಗ ನನಗೆ ಭಯವಾದದ್ದು ಅದಕ್ಕೇ. ರೋಗಕ್ಕೆ ಹೆದರಿ ಬಂದವರು ಹೀಗೆ ಬರುವುದಿಲ್ಲ.

ಮಾವ ಹೊರಸಿನಿಂದ ಎದ್ದರು. ಚಾಚಾ ನನಗೂ ಅವರಿಗೂ ನಡುವೆ, ಸಾಲಿನ ತಲೆಯಲ್ಲಿ, ನನಗೆ ಬೆನ್ನು ಮಾಡಿ ನಿಂತಿದ್ದರು. "ಬಾಟ್ಲಿ ಎಲ್ಲೈತಿ ತೆಗಿ," "ಯಾರ್ ಕಳ್ಸ್ಯಾರ ಹೇಳ್ಲೇ" ಎಂಬ ಕೂಗು. ಚಾಚಾ ಬಗ್ಗಿ ಬಕೆಟ್‌ಗೆ ಕತ್ತರಿ ಅದ್ದಿದರು. ಬಗ್ಗಿದ್ದನ್ನು ನಾನು ನೋಡಿದೆ. ಎದ್ದು ಕೈ ಮೇಲಕ್ಕೆತ್ತಿದರು. ಯಾರೋ "ಹೊಡ್ಯಾಕ ಬಂದಲೇ!" ಎಂದು ಒದರಿದ. ಕಲ್ಲು ಬಂತು.

ಆಮೇಲಿನದು ತುಂಡು ತುಂಡು. ಟೊಂಗೆಗೆ ಆಧಾರ ಕೊಡುವ ಬಿದಿರು ಗಳುಗಳನ್ನು ಕಿತ್ತುಕೊಂಡರು. ಇನ್ನೂ ಸವರದ ಟೊಂಗೆಗಳು ಪಟಪಟ ನೆಲಕ್ಕೆ ಬಿದ್ದವು. ನಾನು ಓಡಿದೆ, ಯಾಕೆ ಓಡಿದೆನೋ. ಚಾಚಾನ ಅಂಗಿ ಕೈಗೆ ಸಿಕ್ಕಿತು. ಮಾವ ಆ ಕಡೆಯಿಂದ ನುಗ್ಗಿ ಬಂದು ನಮ್ಮಿಬ್ಬರನ್ನೂ ದನ ನೂಕಿದ ಹಾಗೆ ಖೋಲಿಯೊಳಕ್ಕೆ ನೂಕಿ, ಹೊರಗಿನಿಂದ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

ತಗಡಿನ ಬಾಗಿಲು. ಅದರ ಮೇಲೆ ಗಳು ಬೀಳುವ ಸದ್ದು ಕೇಳಿದ ಮೇಲೆ ಬೇರೆ ಸದ್ದುಗಳನ್ನು ಕೇಳುವ ರೀತಿಯೇ ಬದಲಾಗುತ್ತದೆ. ಈಗಲೂ ಕಾಲೇಜಿನಲ್ಲಿ ಯಾರಾದರೂ ಬೀರುವಿನ ಬಾಗಿಲು ಜೋರಾಗಿ ಹಾಕಿದರೆ ನಾನು ಮಾತಿನ ನಡುವೆ ನಿಂತುಬಿಡುತ್ತೇನೆ. ಮಕ್ಕಳು ಮೊದಮೊದಲು ನಗುತ್ತಿದ್ದರು. ಈಗ ಅವರೇ ಹೋಗಿ ಬಾಗಿಲನ್ನು ಮೆಲ್ಲಗೆ ಹಾಕುತ್ತಾರೆ, ಅದು ಇನ್ನೂ ಕಷ್ಟ.

ಒಳಗೆ ಕತ್ತಲು. ಚಹಾದ ನೀರು ಕುದಿದು ಒಲೆಗೆ ಚೆಲ್ಲಿ ಹೊಗೆ. ಚಾಚಾ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗಿದ್ದರು. ಬೆರಳುಗಳು ಇರಬಾರದ ಕಡೆಗೆ ತಿರುಗಿದ್ದವು. "ನೋಡ್ರಿ, ಅದ್ದೀನಿ ಅಂದೆ, ಟೀಚರಮ್ಮ. ನೋಡ್ರಿ, ಅದ್ದೀನಿ ಅಂದೆ," ಎನ್ನುತ್ತಲೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ, "ಕತ್ತರಿ ಹೊರಗ ಬಿತ್ತು" ಎಂದರು. ಹೊರಗೆ ಮಾವನ ದನಿ ಕೇಳುತ್ತಿತ್ತು, "ಒಳಗ ನಮ್ ಹುಡಿಗಿ ಅದಾಳ, ನಮ್ ಹುಡಿಗಿ ಅದಾಳ." ಬಾಗಿಲು ಉಳಿದದ್ದು ಆ ಮಾತಿನಿಂದ ಎಂದೇ ನನ್ನ ನಂಬಿಕೆ. ಚಾಚಾ ಒಬ್ಬರೇ ಇದ್ದಿದ್ದರೆ ಎಂದು ಯೋಚಿಸುವುದನ್ನು ಇನ್ನೂ ನಿಲ್ಲಿಸಲು ಆಗಿಲ್ಲ.

ಪೊಲೀಸರು ಬಂದರು. ಚಾಚಾನ ಕೈಗೆ ಕೊಪ್ಪಳದ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿದರು. ಅವರ ಮಗ ಹೊಡೆದವರ ಮೇಲೆ ದೂರು ಕೊಟ್ಟ. ನೆರೆಯ ತೋಟದವರು, ಕೇಳಲು ಬಂದವರ ಮೇಲೆ ಕತ್ತರಿ ಎತ್ತಿ ಹೊಡೆಯಲು ಬಂದ, ತಡೆಯಲು ಹೋದೆವು ಎಂದು ಎದುರು ದೂರು ಕೊಟ್ಟರು. ಹೊಡೆಯಲು ಎತ್ತಿದ್ದೋ ತೋರಿಸಲು ಎತ್ತಿದ್ದೋ, ಎಲ್ಲವೂ ಅದರ ಮೇಲೆ ನಿಂತಿತು. ಹೊಡೆಯಲು ಎಂದಾದರೆ ಚಾಚಾ ಆರೋಪಿ. ಅಷ್ಟೇ ಅಲ್ಲ, ಆಮೇಲೆ ಈ ಸೀಮೆಯ ಯಾವ ತೋಟದ ಗೇಟೂ ಅವರಿಗೆ ತೆರೆಯುವುದಿಲ್ಲ. ಅವರಿಗೆ ಬೇರೆ ಕೆಲಸ ಗೊತ್ತಿಲ್ಲ.

ಬಂದವರಲ್ಲೊಬ್ಬ ಫೋನಿನಲ್ಲಿ ವಿಡಿಯೋ ತೆಗೆದಿದ್ದ. ಅದು ಶುರುವಾಗುವುದೇ ಎತ್ತಿದ ಕತ್ತರಿಯಿಂದ. ಬಗ್ಗಿದ್ದಿಲ್ಲ, ಬಕೆಟ್ ಇಲ್ಲ. ಕೆಲವೇ ದಿನಗಳಲ್ಲಿ ಅದು ಕಾರಟಗಿ, ಗಂಗಾವತಿ ಎಲ್ಲಾ ಕಡೆ ತಿರುಗಿತು. ನಾನು ಒಮ್ಮೆ ಗಂಗಾವತಿ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ಕೂತ ಹೆಂಗಸು ಅದನ್ನು ನೋಡುತ್ತಿದ್ದಳು. ನಾನು ನೋಡುತ್ತಿರುವುದನ್ನು ಕಂಡು ಫೋನನ್ನು ನನ್ನ ಕಡೆ ಹಿಡಿದಳು.

"ನೋಡ್ರಿ ಅಕ್ಕಾರ, ಹೆಂಗ್ ಹೊಡ್ಯಾಕ ಹೊಂಟಾನ ಮುದುಕ! ಎಷ್ಟ್ ಸೊಕ್ಕಿರಬೇಕು."

"ಹೊಡ್ಯಾಕಲ್ರೀ ಅದು. ನಾ ಅಲ್ಲೇ ಇದ್ದೆ."

"ಹೌದ? ಎಲ್ಲೆದೀರಿ ಇದ್ರಾಗ?"

ಖೋಲಿಯ ಬಾಗಿಲಲ್ಲಿ ಚುಕ್ಕೆಯಷ್ಟು ಕಾಣುವ ಆಕೃತಿ ತೋರಿಸಿದೆ. ಆಕೆ ಎರಡು ಬೆರಳಿಂದ ಹಿಗ್ಗಿಸಿ ನೋಡಿದಳು. "ಇಂವ ಗಣಮಗ ಅದಾನಲ್ರೀ. ಅಂಗಿ ಹಾಕ್ಯಾನ, ತಲೀಗಿ ಟವಲ್ ಸುತ್ಯಾನ."

"ಅದು ನಮ್ ಮಾಮಾನ ಅಂಗಿ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಇಸ್ತ್ರಿ ಸೀರೆ, ಕನ್ನಡಕ, ಬ್ಯಾಗು. "ಇರ್ಲಿ ಬಿಡ್ರಿ," ಎಂದಳು ಸಮಾಧಾನ ಮಾಡುವವಳಂತೆ. "ದೂರ ಇದ್ರ ಸರ್ಯಾಗಿ ಕಂಡಿರಂಗಿಲ್ಲ. ನಮಗ ಇದ್ರಾಗ ಹತ್ರ ಕಾಣ್ತೈತಿ." ನಾನು ಕಿಟಕಿಯ ಕಡೆ ತಿರುಗಿದೆ. ದಾರಿಯುದ್ದಕ್ಕೂ ಭತ್ತದ ಗದ್ದೆ ಓಡುತ್ತಿತ್ತು.

ವಿಡಿಯೋ ತೆಗೆದವನನ್ನು ಹುಡುಕಿ, ಮೊದಲಿನ ಭಾಗ ಎಲ್ಲಪ್ಪಾ ಎಂದು ಕೇಳಿದ್ದೆ. ಅವನೇನೂ ಕೇಡಿಗನಲ್ಲ. "ಸ್ಟೇಟಸ್‌ಗೆ ಅಷ್ಟುದ್ದ ಹೋಗಂಗಿಲ್ರೀ ಟೀಚರ್. ಮುಂದಿಂದ್ ಬರೇ ಒದರಾಡೋದಿತ್ತು, ಕಟ್ ಮಾಡ್ದೆ," ಎಂದ. ಉಳಿದದ್ದು ಫೋನಿನಲ್ಲಿ ಜಾಗವಿಲ್ಲವೆಂದು ಅಳಿಸಿದ್ದ.

ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಳ್ಳುವ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ನಾನು ಮನೆಯಲ್ಲಿ ಕೂತು ಆ ಮುಂಜಾನೆಯನ್ನು ಮತ್ತೆ ಮತ್ತೆ ಕಣ್ಣ ಮುಂದೆ ತಂದುಕೊಂಡೆ. ಚಾಚಾ ನಿಂತಿದ್ದಾರೆ. ಕತ್ತರಿ ಮೇಲಿದೆ. ಗಡ್ಡ ಕಾಣುತ್ತಿದೆ, ಬಾಯಿ ತೆರೆದಿದೆ, ಹಿಂದೆ ಖೋಲಿಯ ಬಾಗಿಲು, ಬಾಗಿಲಲ್ಲಿ ಟವೆಲ್ ಸುತ್ತಿದ ನಾನು.

ಅಲ್ಲಿಗೆ ತಡೆದೆ. ನನ್ನ ನೆನಪಿನಲ್ಲಿ ನನ್ನನ್ನೇ ನಾನು ದೂರದಿಂದ ನೋಡುತ್ತಿದ್ದೆ. ಇದು ನನ್ನ ನೆನಪಲ್ಲ. ನಾನು ನಿಂತ ಜಾಗದಿಂದ ಚಾಚಾನ ಗಡ್ಡ ಕಾಣುವಂತಿರಲಿಲ್ಲ. ಸುಳ್ಳೆಂದು ಎಲ್ಲರೊಡನೆ ವಾದಿಸುತ್ತಿದ್ದ ಆ ವಿಡಿಯೋವೇ ನನ್ನ ಕಣ್ಣೊಳಗೆ ಬಂದು ಕೂತಿತ್ತು. ಅದನ್ನು ಎಬ್ಬಿಸಿ ಕಳಿಸಿದರೆ ನನ್ನದು ಎಂದು ಉಳಿಯುವುದೇನು? ಒಂದು ಬೆನ್ನು. ಬಗ್ಗಿದ ಬೆನ್ನು, ಎದ್ದ ಬೆನ್ನು. ಮೇಲೆ ಹೋದ ಮೊಣಕೈ, ಅದರಿಂದ ಅಂಗಿಯ ತೋಳಿನುದ್ದಕ್ಕೂ ಇಳಿದ ನೀರು. ಅಷ್ಟೇ.

ಇನ್ನೊಂದಿತ್ತು. "ನೋಡ್ರಿ, ಅದ್ದೀನಿ" ಎಂಬ ಮಾತು. ಅದು ನನ್ನ ಕಿವಿಯಲ್ಲಿ ಸ್ಪಷ್ಟವಾಗಿದೆ. ಆದರೆ ಅದನ್ನು ಚಾಚಾ ಸಾಲಿನಲ್ಲಿ ನಿಂತು ಅಂದಾಗ ಕೇಳಿದೆನೋ, ಖೋಲಿಯ ಕತ್ತಲಲ್ಲಿ ಅವರು ಮತ್ತೆ ಮತ್ತೆ ಅಂದಾಗ ಕೇಳಿದೆನೋ? ಎಷ್ಟು ತಿರುಗಿಸಿ ನೋಡಿದರೂ ಆ ಮಾತು ಹೊಗೆಯ ವಾಸನೆಯೊಡನೆಯೇ ಬರುತ್ತದೆ. ಚಾಚಾನನ್ನು ಉಳಿಸುವ ಮಾತು ಅದೊಂದೇ. ಅದನ್ನು ಹೊರಗೆ ಕೇಳಿದೆ ಎಂದು ಆಣೆ ಮಾಡಿ ಹೇಳಲು ನನ್ನಿಂದ ಆಗಲಿಲ್ಲ.

ಠಾಣೆಯ ಮುಂದಿನ ಬೆಂಚಿನ ಮೇಲೆ ಚಾಚಾ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಒಳಗೆ ಹೋಗುವ ಮುಂಚೆ ಅವರಿಗೇ ಹೇಳಿಬಿಟ್ಟೆ. ಅವರು ಪಟ್ಟಿಯ ಸಡಿಲಾದ ಅಂಚನ್ನು ಒಳಕ್ಕೆ ಸಿಕ್ಕಿಸಿಕೊಂಡರು.

"ನಾ ಅಂದಿದ್ದೆ ಬೇಟಿ."

"ಅಂದಿರ್ತೀರಿ ಚಾಚಾ. ನಾ ಕೇಳಿದ್ದು ಎಲ್ಲಿ ಅನ್ನೋದು ನನಗ ಗೊತ್ತಾಗವಲ್ದು."

"ಅವ್ರು ನೋಡದ್ದೆಲ್ಲಾ ನೋಡೀವಿ ಅಂತಾರ. ನೀ ಕೇಳಿದ್ನೂ ಕೇಳಿಲ್ಲ ಅಂತಿ." ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ಟೀಚರಮ್ಮ ಎನ್ನುವುದನ್ನು ಬಿಟ್ಟು ಹಳೆಯ ಹಾಗೆ ಬೇಟಿ ಎಂದಿದ್ದು ಇನ್ನೂ ಚುಚ್ಚುತ್ತದೆ.

ಒಳಗೆ ಬರೆದುಕೊಳ್ಳುತ್ತಿದ್ದವರು ವಯಸ್ಸಾದವರು, ನನ್ನಷ್ಟೇ ದಣಿದಿದ್ದರು. ನಾನು ಬೆನ್ನು, ಬಕೆಟ್, ತೋಳಿನ ನೀರು ಹೇಳಿದೆ. "ಮುಂದ? ಬಾಯಿಲೆ ಏನಂದ?" ಎಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪೆನ್ನು ಕೆಳಗಿಟ್ಟರು. "ಟೀಚರ್, ಅಂದ ಅಂತ ಬರೀಲೋ, ಅನ್ಲಿಲ್ಲ ಅಂತ ಬರೀಲೋ? ನಡುವ ಬರ್ಯಾಕ ಜಾಗ ಇಲ್ರೀ ಇದ್ರಾಗ."

"ಬೆನ್ನಷ್ಟ ಕಂಡತಿ ಅಂತ ಬರೀರಿ."

"ಹಂಗಾರ ಮಾರಿ ಕಂಡಾವ್ರು ಯಾರು? ಎದುರು ಯಾರ್ ನಿಂತಿದ್ರು?"

ಅಲ್ಲಿಯ ತನಕ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಗುಂಪಿನವರನ್ನು ಬಿಟ್ಟರೆ ಚಾಚಾನ ಎದುರು ನಿಂತದ್ದು ಒಬ್ಬರೇ.

"ನಮ್ಮ ಮಾಮಾ," ಎಂದೆ.

ಮಾವ ಅಷ್ಟು ದಿನವೂ, ಕಣ್ಣಿಗೆ ಧೂಳು ಬಿದ್ದಿತ್ತು, ಏನೂ ಕಾಣಲಿಲ್ಲ ಎನ್ನುತ್ತಿದ್ದರು. ಆ ಧೂಳು ಯಾವುದೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನೆರೆಯವರ ವಿರುದ್ಧ ಮಾತಾಡಿದರೆ ಬದುವಿನ ದಾರಿಗೆ ಮುಳ್ಳು ಬೀಳುತ್ತದೆ. ಹಣ್ಣಿನ ಗಾಡಿ ಒಳಗೆ ಬರುವುದಿಲ್ಲ. ನಾನು ಠಾಣೆಯಿಂದ ನೇರ ತೋಟಕ್ಕೆ ಹೋದೆ. ಮಾವ ಹೊರಸಿನ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಡೆದದ್ದನ್ನು ಹೇಳಿದೆ.

"ನನ್ ಹೆಸರ ಯಾಕ ಹೇಳಿದಿ ಹುಡಿಗಿ?"

"ಎದುರು ನಿಂತಾವ್ರು ಯಾರು ಅಂತ ಕೇಳಿದ್ರು ಮಾಮಾ."

"ಕೇಳೀನಿ ಅಂದಿದ್ರ ನಿಂದೇನ್ ಹೋಗ್ತಿತ್ತು? ನೋಡ್ರಿ ಅದ್ದೀನಿ ಅಂದ ಅಂತ ಒಂದ್ ಮಾತ್ ಅಂದಿದ್ರ ಮುಗೀತಿತ್ತಲ್ಲ!"

ಮಾವನಿಗೆ ತಾವು ಅಂದದ್ದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಚಾಚಾ ಅಂದ ಮಾತನ್ನು ಎಲ್ಲಿ ಕೇಳಿದೆನೋ ತಿಳಿಯದು ಎಂದಷ್ಟೇ ಹೇಳಿದ್ದೆ, ಆ ಮಾತು ಏನೆಂದು ಅವರಿಗೆ ಹೇಳಿರಲಿಲ್ಲ. ಖೋಲಿಯೊಳಗಿನದು ಹೊರಗೆ ಕೇಳುವಂತಿರಲಿಲ್ಲ, ಬಾಗಿಲಿನ ಮೇಲೆ ಗಳು ಬೀಳುತ್ತಿದ್ದವು. ಮಾವ ಎಣ್ಣೆಯ ಬಟ್ಟಲನ್ನು ನೆಲಕ್ಕಿಟ್ಟು, ಬೇಲಿಯಾಚೆಯ ತೋಟದ ಕಡೆ ನೋಡುತ್ತ ಕೂತರು. "ನನಗ ತೋರ್ಸಾಕ ಎತ್ತಿದ್ದ," ಎಂದರು ಕೊನೆಗೆ. "ದಿನಾ ತೋರ್ಸ್ತಿದ್ದ. ಅವತ್ತ ಹ್ಞೂಂ ಅನ್ನಲಿಲ್ಲ ನಾ."

ಮಾವ ಹೋಗಿ ಹೇಳಿ ಬಂದರು. ಅದರಿಂದ ಎಲ್ಲಾ ಸರಿಹೋಯಿತು ಎಂದು ಬರೆಯಲು ಆಗುವುದಿಲ್ಲ. ಚಾಚಾನ ಮೇಲಿನ ಎದುರು ದೂರು ನಿಲ್ಲಲಿಲ್ಲ, ಅಷ್ಟಾಯಿತು. ಬದುವಿನ ದಾರಿಗೆ ಮುಳ್ಳು ಬಿದ್ದಿತು. ಈಗ ಗಾಡಿ ಹಳ್ಳದ ಕಡೆಯಿಂದ ಸುತ್ತಿ ಬರಬೇಕು, ಮಳೆ ಬಂದರೆ ಬರುವುದೇ ಇಲ್ಲ. ಧ್ವನಿ ಸಂದೇಶ ಇನ್ನೂ ತಿರುಗುತ್ತಿದೆ. ಚಾಚಾ ಮೊದಲು ಹೋಗುತ್ತಿದ್ದ ತೋಟಗಳವರು ಈಗ, "ನಮಗೇನಿಲ್ರಿ, ಮಂದಿ ಏನರ ಅಂತಾರ" ಎನ್ನುತ್ತಾರೆ. ಹಾಗೆನ್ನುವವರೇ ಆ ಮಂದಿ.

ಮೊನ್ನೆ ಈ ಸಲದ ಚಾಟ್ನಿಗೆ ಮಾವ ಚಾಚಾನನ್ನು ಕರೆದರು. ನಾನೂ ಹೋಗಿದ್ದೆ. ಚಾಚಾನ ಎರಡು ಬೆರಳು ಪೂರ್ತಿ ಮಡಚುವುದಿಲ್ಲ, ಕತ್ತರಿಯನ್ನು ಅಂಗೈಯ ಬುಡದಿಂದ ಒತ್ತುತ್ತಾರೆ. ಮೊದಲ ಗಿಡ ಮುಗಿಯಿತು. ಬಗ್ಗಿ ಬಕೆಟ್‌ಗೆ ಅದ್ದಿದರು. ನಾನು ಖೋಲಿಯ ಬಾಗಿಲಲ್ಲಿ ನಿಂತವಳು ಚೌಕಟ್ಟು ಹಿಡಿದುಕೊಂಡೆ. ಚಾಚಾ ಕತ್ತರಿಯನ್ನು ಮೇಲಕ್ಕೆತ್ತಲಿಲ್ಲ. ಕೆಳಗೇ ಹಿಡಿದು ನಿಂತರು.

"ತೋರ್ಸಲೇ," ಎಂದರು ಮಾವ ಹೊರಸಿನಿಂದ, ರೂಢಿಯ ಮೇಲೆ.

"ಎತ್ತಂಗಿಲ್ರಿ ಸಾಹುಕಾರ್ರ ಇನ್ ಮ್ಯಾಲ. ನೀವ ಬಂದು ನೋಡ್ರಿ."

ಮಾವ ಸ್ವಲ್ಪ ಹೊತ್ತು ಕೂತೇ ಇದ್ದರು. ಆಮೇಲೆ ಮಂಡಿಗೆ ಕೈ ಊರಿ, "ಅಯ್ಯಯ್ಯೋ" ಎನ್ನುತ್ತ ಎದ್ದು, ಸಾಲಿನ ತಲೆಗೆ ನಡೆದು ಬಂದು, ಬಗ್ಗಿ ಕತ್ತರಿಯ ಅಲಗು ನೋಡಿದರು. "ಹ್ಞೂಂ," ಎಂದರು. ಚಾಚಾ ಎರಡನೆಯ ಗಿಡಕ್ಕೆ ಹೋದರು. ಮಾವ ಹೊರಸಿಗೆ ವಾಪಸ್ ಹೋಗಲಿಲ್ಲ. ಬಕೆಟ್ ಎತ್ತಿಕೊಂಡು ಚಾಚಾನ ಹಿಂದೆ ಕುಂಟುತ್ತ ನಡೆದರು.